ಪಹಣಿ, ಬ್ಯಾರನ್ ಲೈಸೆನ್ಸ್, ಛಾಪಾ ಕಾಗದ: ವಿಚ್ಛೇದನದಲ್ಲಿ ಮಕ್ಕಳ ಜೀವನಾಂಶದ ಲೆಕ್ಕ

ಹುಣಸೂರು: ದಸರಾ ಆನೆಗಳ ಗಜಪಯಣ ಹೊರಡುವ ದಿನ ವೀರನಹೊಸಹಳ್ಳಿಯ ಹೆಸರು ರಾಜ್ಯದ ಎಲ್ಲ ಪತ್ರಿಕೆಗಳಲ್ಲೂ ಕಾಣಿಸಿಕೊಳ್ಳುತ್ತದೆ. ಉಳಿದ ದಿನಗಳಲ್ಲಿ ನಾಗರಹೊಳೆ ಅರಣ್ಯದಂಚಿನ ಈ ಊರು ಹಾಗೂ ಸುತ್ತಲಿನ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಸೀಮೆಯ ಜನರ ಬದುಕು ಹೊಗೆಸೊಪ್ಪು, ರಾಗಿ, ಭತ್ತ, ಹಾಲು ಮತ್ತು ಕೂಲಿಯನ್ನು ನೆಚ್ಚಿಕೊಂಡಿದೆ. ಇಲ್ಲಿನ ಹೆಚ್ಚಿನ ಮನೆಗಳಲ್ಲಿ ತಿಂಗಳ ಸಂಬಳದ ಚೀಟಿ ಎಂಬುದಿಲ್ಲ. ದಂಪತಿ ಬೇರೆಯಾಗುವ ಸಂದರ್ಭ ಬಂದಾಗ ಮೊದಲ ತೊಡಕು ಉದ್ಭವಿಸುವುದು ಇಲ್ಲಿಯೇ. ಜಮೀನು ಅಪ್ಪನ ಹೆಸರಿನಲ್ಲಿದೆ, ಹೊಗೆಸೊಪ್ಪಿನ ಕಾರ್ಡು ಅಣ್ಣನ ಹೆಸರಿನಲ್ಲಿದೆ, ನನಗೆ ಬರುವ ಆದಾಯ ಏನೂ ಇಲ್ಲ ಎಂಬ ವಾದ ಸಿದ್ಧವಾಗಿರುತ್ತದೆ. ಎದುರು ಬದಿಯಲ್ಲಿ ತವರುಮನೆ ಸೇರಿದ ತಾಯಿಯ ಕೈಯಲ್ಲಿ ಮಗುವಿನ ಶಾಲೆಯ ಶುಲ್ಕದ ರಸೀದಿಯ ಹೊರತು ಬೇರೆ ಕಾಗದ ಇರುವುದಿಲ್ಲ.

ಬೆಂಗಳೂರಿನ ಖಾಸಗಿ ಕಂಪನಿಯ ನೌಕರನ ವಿಚ್ಛೇದನ ಪ್ರಕರಣದಲ್ಲಿ ಸಂಬಳದ ಚೀಟಿ ಮತ್ತು ಫಾರಂ 16 ನ್ಯಾಯಾಲಯದ ಮುಂದೆ ಬಂದರೆ ಅರ್ಧ ಲೆಕ್ಕ ಮುಗಿದಂತೆ. ಕೃಷಿ ಆದಾಯಕ್ಕೆ ಅಂತಹ ಕಾಗದವಿಲ್ಲ ಎಂಬ ನಂಬಿಕೆ ನಗರದ ಓದುಗರಲ್ಲೂ, ಹಳ್ಳಿಯ ಪಂಚಾಯಿತಿ ಕಟ್ಟೆಯಲ್ಲೂ ಒಂದೇ ತೆರನಾಗಿದೆ. ಈ ನಂಬಿಕೆ ಸರಿಯಲ್ಲ. ಕೃಷಿಕರ ಆದಾಯವನ್ನು ಹೇಗೆ ಬಹಿರಂಗಪಡಿಸಬೇಕು ಎಂಬುದಕ್ಕೆ ಸುಪ್ರೀಂ ಕೋರ್ಟ್ 2020ರಲ್ಲಿಯೇ ಪ್ರತ್ಯೇಕ ನಮೂನೆಯನ್ನು ನಿಗದಿ ಮಾಡಿದೆ. ಅದರ ವಿಚಾರಕ್ಕೆ ಬರುವ ಮುನ್ನ, ನ್ಯಾಯಾಲಯದ ಮೆಟ್ಟಿಲು ಹತ್ತುವುದಕ್ಕೂ ಮೊದಲೇ ಅನೇಕ ಪ್ರಕರಣಗಳನ್ನು ಕೆಡಿಸುವ ಛಾಪಾ ಕಾಗದದ ಬಗ್ಗೆ ಹೇಳಬೇಕು.

ಛಾಪಾ ಕಾಗದದ ಬಿಡುಗಡೆ

ಹಿರಿಯರ ಸಮ್ಮುಖದಲ್ಲಿ ಪಂಚಾಯಿತಿ ಸೇರಿ, ಛಾಪಾ ಕಾಗದದ ಮೇಲೆ "ಇಂದಿನಿಂದ ನಮ್ಮಿಬ್ಬರಿಗೂ ಯಾವುದೇ ಸಂಬಂಧವಿಲ್ಲ, ಜೀವನಾಂಶ ಕೇಳುವುದಿಲ್ಲ" ಎಂದು ಬರೆಸಿ, ಒಂದಿಷ್ಟು ಇಡಿಗಂಟು ಕೊಟ್ಟು ಕಳುಹಿಸುವ ಪದ್ಧತಿ ಹಳೆಯ ಮೈಸೂರು ಸೀಮೆಯಲ್ಲಿ ಹೊಸದಲ್ಲ. ನೋಟರಿಯ ಮೊಹರು ಬಿದ್ದರೆ ಅದೇ ವಿಚ್ಛೇದನ ಎಂದು ತಿಳಿದವರೂ ಇದ್ದಾರೆ. ಹಿಂದೂ ವಿವಾಹ ಕಾಯ್ದೆ, 1955ರ ವ್ಯಾಪ್ತಿಗೆ ಬರುವವರ ಮದುವೆ ನ್ಯಾಯಾಲಯದ ತೀರ್ಪಿನಿಂದಲೇ ರದ್ದಾಗಬೇಕು. ಸಮುದಾಯದ ರೂಢಿಯ ಪ್ರಕಾರ ನಡೆಯುವ ವಿಚ್ಛೇದನಕ್ಕೆ ಕಾಯ್ದೆಯ 29ನೇ ಸೆಕ್ಷನ್ ರಕ್ಷಣೆ ನೀಡಿದೆಯಾದರೂ, ಅಂತಹ ರೂಢಿ ಪುರಾತನವಾದದ್ದು, ನಿರಂತರವಾಗಿ ಪಾಲನೆಯಲ್ಲಿರುವುದು ಎಂದು ಸಾಕ್ಷ್ಯ ಸಹಿತ ರುಜುವಾತು ಮಾಡುವ ಹೊಣೆ ಅದನ್ನು ಹೇಳುವವರ ಮೇಲಿರುತ್ತದೆ. ರುಜುವಾತಾಗದಿದ್ದರೆ ಮೊದಲ ಮದುವೆ ಊರ್ಜಿತದಲ್ಲಿಯೇ ಇರುತ್ತದೆ. ಆ ಕಾಗದವನ್ನು ನಂಬಿ ಮಾಡಿಕೊಂಡ ಎರಡನೆಯ ಮದುವೆ ಅಪರಾಧವಾಗುತ್ತದೆ.

ಹಣದ ದೃಷ್ಟಿಯಿಂದ ಇದರಲ್ಲಿ ಇನ್ನೂ ಒಂದು ಅಪಾಯವಿದೆ. ಜೀವನಾಂಶಕ್ಕೆ ಸಂಬಂಧಿಸಿದ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಆಗಿ ಮುಂದುವರಿದಿದೆ. ಪರಸ್ಪರ ಒಪ್ಪಿಗೆಯಿಂದ ಬೇರೆಯಾಗಿ ವಾಸಿಸುತ್ತಿರುವ ಪತ್ನಿಗೆ ಈ ಸೆಕ್ಷನ್ ಅಡಿಯಲ್ಲಿ ಜೀವನಾಂಶ ದೊರೆಯದು ಎಂಬ ಷರತ್ತು ಹಳೆಯ ಸಂಹಿತೆಯಲ್ಲಿತ್ತು, ಹೊಸದರಲ್ಲೂ ಇದೆ. "ಇಬ್ಬರೂ ಒಪ್ಪಿ ಬೇರೆಯಾಗಿದ್ದೇವೆ" ಎಂಬ ಛಾಪಾ ಕಾಗದದ ಸಾಲು ಮದುವೆಯನ್ನು ರದ್ದು ಮಾಡದಿದ್ದರೂ, ಪತ್ನಿಯ ಜೀವನಾಂಶದ ಅರ್ಜಿಗೆ ಅಡ್ಡ ಬರಬಲ್ಲದು. ನ್ಯಾಯಾಲಯದ ಮೂಲಕ ಪರಸ್ಪರ ಸಮ್ಮತಿಯ ವಿಚ್ಛೇದನ ಪಡೆದ ಮಹಿಳೆಯ ಸ್ಥಿತಿ ಹಾಗಲ್ಲ. ಅಂತಹ ಮಹಿಳೆ ಮರುಮದುವೆಯಾಗದಿದ್ದಲ್ಲಿ ಜೀವನಾಂಶಕ್ಕೆ ಅರ್ಹಳು, ಆ ಷರತ್ತು ಆಕೆಗೆ ಅನ್ವಯಿಸದು ಎಂದು 1995ರಲ್ಲಿ ಕರ್ನಾಟಕದ್ದೇ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿದೆ. ಕಾಗದದ ಒಪ್ಪಂದ ಮತ್ತು ನ್ಯಾಯಾಲಯದ ತೀರ್ಪಿನ ನಡುವಿನ ಅಂತರ ಇಷ್ಟು ದೊಡ್ಡದು.

ಇನ್ನು "ಮುಂದೆಂದೂ ಕೇಳುವುದಿಲ್ಲ" ಎಂಬ ಮಾತಿನ ಬೆಲೆ ಎಷ್ಟು? ಗುಲಬರ್ಗಾದ ಕೌಟುಂಬಿಕ ನ್ಯಾಯಾಲಯದಿಂದ ಸುಪ್ರೀಂ ಕೋರ್ಟಿನವರೆಗೆ ಹೋದ ಪ್ರಕರಣವೊಂದು ಇದಕ್ಕೆ ಉತ್ತರ ನೀಡುತ್ತದೆ. 1994ರಲ್ಲಿ ಪತ್ನಿಯೊಬ್ಬರು 8,000 ರೂಪಾಯಿ ಪಡೆದು, ಮುಂದೆ ಜೀವನಾಂಶ ಕೇಳುವುದಿಲ್ಲವೆಂದು ರಾಜಿ ಮಾಡಿಕೊಂಡಿದ್ದರು. ಅದು ಪಂಚಾಯಿತಿ ಕಟ್ಟೆಯ ರಾಜಿಯಲ್ಲ, ನ್ಯಾಯಾಲಯದಲ್ಲಿಯೇ ದಾಖಲಾದ ರಾಜಿ. ವರ್ಷಗಳ ನಂತರ ಅವರು ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ, 1956ರ 18ನೇ ಸೆಕ್ಷನ್ ಅಡಿ ದಾವೆ ಹೂಡಿದಾಗ ತಿಂಗಳಿಗೆ 2,000 ರೂಪಾಯಿಯ ಆದೇಶವಾಯಿತು. ಜೀವನಾಂಶದ ಹಕ್ಕನ್ನು ಶಾಶ್ವತವಾಗಿ ಬಿಟ್ಟುಕೊಡುವ ಒಪ್ಪಂದ ಸಾರ್ವಜನಿಕ ನೀತಿಗೆ ವಿರುದ್ಧ, ಹಿಂದಿನ ರಾಜಿ ಹೊಸ ದಾವೆಗೆ ಅಡ್ಡಿಯಲ್ಲ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಪತ್ನಿಯ ವಿಚಾರದಲ್ಲಿಯೇ ಹೀಗಿರುವಾಗ, ಒಪ್ಪಂದಕ್ಕೆ ಸಹಿಯನ್ನೇ ಹಾಕದ ಮಗುವಿನ ಹಕ್ಕು ತಾಯಿಯ ಹೆಬ್ಬೆಟ್ಟಿನಿಂದ ಅಳಿದುಹೋಗುವುದಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಸಹಿ ಹಾಕಿ ನಂತರ ಹೋರಾಡಬಹುದು ಎಂದು ಭಾವಿಸುವುದು ಜಾಣತನವಲ್ಲ. ಮೇಲಿನ ಪ್ರಕರಣ ಇತ್ಯರ್ಥವಾಗಲು ಎಷ್ಟು ವರ್ಷ ಹಿಡಿಯಿತು ಎಂಬುದನ್ನು ಗಮನಿಸಿದರೆ ಸಾಕು.

ಅರ್ಧ ಆಸ್ತಿ ಎಂಬ ತಪ್ಪು ಕಲ್ಪನೆ

ವಿಚ್ಛೇದನವಾದರೆ ಗಂಡನ ಆಸ್ತಿಯಲ್ಲಿ ಅರ್ಧ ಭಾಗ ಹೆಂಡತಿಗೆ ಸೇರುತ್ತದೆ ಎಂಬ ಮಾತು ಚಲನಚಿತ್ರ ನಟರ ವಿಚ್ಛೇದನದ ಸುದ್ದಿಗಳಿಂದಾಗಿ ಜನಜನಿತವಾಗಿದೆ. ನೆರೆಯ ಗೋವಾದಲ್ಲಿ ಪೋರ್ಚುಗೀಸರ ಕಾಲದ ನಾಗರಿಕ ಸಂಹಿತೆಯ ಕಾರಣದಿಂದ ದಂಪತಿಯ ಆಸ್ತಿ ಸಾಮಾನ್ಯವಾಗಿ ಜಂಟಿಯಾಗಿರುತ್ತದೆ. ಕರ್ನಾಟಕದಲ್ಲಿ ಅಂತಹ ಕಾನೂನಿಲ್ಲ. ಯಾರ ಹೆಸರಿನಲ್ಲಿದೆಯೋ ಆಸ್ತಿ ಅವರದೇ. ಮದುವೆಯ ಸಂದರ್ಭದಲ್ಲಿ ಇಬ್ಬರಿಗೂ ಸೇರಿ ಬಂದ ಉಡುಗೊರೆಗಳ ವಿಲೇವಾರಿಗೆ ಮಾತ್ರ ಹಿಂದೂ ವಿವಾಹ ಕಾಯ್ದೆಯ 27ನೇ ಸೆಕ್ಷನ್‌ನಲ್ಲಿ ಅವಕಾಶವಿದೆ.

ಸಾಲಕ್ಕೂ ಇದೇ ನಿಯಮ ಅನ್ವಯಿಸುತ್ತದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಸ್ವಸಹಾಯ ಸಂಘದ ಸಾಲ, ಕಿರು ಹಣಕಾಸು ಸಂಸ್ಥೆಯ ಸಾಲ ಬಹುತೇಕ ಮಹಿಳೆಯ ಹೆಸರಿನಲ್ಲಿಯೇ ಇರುತ್ತದೆ. ಆ ಹಣ ಹೊಗೆಸೊಪ್ಪಿನ ಗೊಬ್ಬರಕ್ಕೋ, ಬ್ಯಾರನ್ ದುರಸ್ತಿಗೋ, ಪತಿಯ ಬೈಕಿಗೋ ಹೋಗಿರುತ್ತದೆ. ದಂಪತಿ ಬೇರೆಯಾದ ಮಾತ್ರಕ್ಕೆ ಸಾಲ ಕೊಟ್ಟವರು ಪತಿಯ ಬಳಿ ಹೋಗುವುದಿಲ್ಲ. ವಾರದ ಕಂತಿಗೆ ಬರುವವರು ತವರುಮನೆಯ ಬಾಗಿಲಿಗೇ ಬರುತ್ತಾರೆ. ಆದ್ದರಿಂದ ರಾಜಿಯ ಮಾತುಕತೆಯಲ್ಲಿ ಮೊದಲು ಪಟ್ಟಿಯಾಗಬೇಕಾದದ್ದು ಸಾಲಗಳು. ಯಾವ ಸಾಲ ಯಾವ ಉದ್ದೇಶಕ್ಕೆ ಬಳಕೆಯಾಯಿತು, ಯಾರು ತೀರಿಸುತ್ತಾರೆ, ಅಂತಿಮ ತೀರ್ಪಿಗೆ ಮುನ್ನ ತೀರುವಳಿ ಪತ್ರವನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸುತ್ತಾರೆಯೇ ಎಂಬುದು ಬರಹದಲ್ಲಿರಬೇಕು. ತೀರಿಸುತ್ತೇನೆ ಎಂಬ ಬಾಯಿಮಾತು ಸಾಲ ಕೊಟ್ಟ ಸಂಸ್ಥೆಗೆ ಅನ್ವಯಿಸದು.

ಚಿನ್ನದ ವಿಚಾರ ಹೆಚ್ಚು ಸೂಕ್ಷ್ಮವಾದುದು. ತವರಿನಿಂದ ತಂದ ಒಡವೆ ಸ್ತ್ರೀಧನ. ಅದು ಆಕೆಯ ಪೂರ್ಣ ಸ್ವಂತ ಆಸ್ತಿಯೆಂದು ಸುಪ್ರೀಂ ಕೋರ್ಟ್ 1985ರಲ್ಲಿಯೇ ಸ್ಪಷ್ಟಪಡಿಸಿದೆ. ಬಿತ್ತನೆಯ ಕಾಲಕ್ಕೆ ಸರ ಗಿರವಿಗೆ ಹೋಗಿ, ಹರಾಜಿನ ಹಣ ಬಂದಾಗ ಬಿಡಿಸಿಕೊಳ್ಳುವ ಪರಿಪಾಠ ಈ ಭಾಗದಲ್ಲಿದೆ. ಬೇರೆಯಾಗುವ ಹೊತ್ತಿಗೆ ಸರ ಗಿರವಿಯಲ್ಲಿದ್ದರೆ, ಚೀಟಿ ಪತಿಯ ಹೆಸರಿನಲ್ಲಿದ್ದರೂ ಒಡವೆ ಪತ್ನಿಯದೇ. ಒಡವೆಗಳ ದುರುಪಯೋಗದ ಬಗ್ಗೆ ಕೇರಳದ ಮಹಿಳೆಯೊಬ್ಬರು ಹೂಡಿದ್ದ ಪ್ರಕರಣದಲ್ಲಿ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ 25 ಲಕ್ಷ ರೂಪಾಯಿ ನೀಡುವಂತೆ ಪತಿಗೆ ಆದೇಶಿಸಿತು. ಇಂತಹ ವ್ಯಾಜ್ಯದಲ್ಲಿ ಕ್ರಿಮಿನಲ್ ಪ್ರಕರಣದಷ್ಟು ಕಟ್ಟುನಿಟ್ಟಿನ ಪುರಾವೆ ಬೇಕಿಲ್ಲ. ಮದುವೆಯ ಆಲ್ಬಂ, ಅಂಗಡಿಯ ಬಿಲ್ಲು, ಗಿರವಿ ಚೀಟಿಯ ಪ್ರತಿ ಇವುಗಳನ್ನು ಮನೆ ಬಿಡುವ ಮೊದಲೇ ಜೋಪಾನ ಮಾಡಿಕೊಂಡವರಿಗೆ ಅನುಕೂಲ.

ಆದಾಯ ಎಲ್ಲಿ ಅಡಗಿದೆ?

ಈಗ ಮುಖ್ಯ ಪ್ರಶ್ನೆಗೆ ಬರಬಹುದು. 2020ರ ನವೆಂಬರ್ 4ರಂದು ರಜನೀಶ್ ಮತ್ತು ನೇಹಾ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಜೀವನಾಂಶದ ಎಲ್ಲ ಪ್ರಕರಣಗಳಲ್ಲೂ ಉಭಯ ಪಕ್ಷಗಳು ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರವನ್ನು ಸಲ್ಲಿಸುವುದನ್ನು ಕಡ್ಡಾಯಗೊಳಿಸಿತು. ತೀರ್ಪಿನ ಜೊತೆಗೆ ಲಗತ್ತಿಸಿದ ನಮೂನೆಗಳಲ್ಲಿ ಒಂದು ಕೃಷಿಕರಿಗಾಗಿಯೇ ಇರುವುದು. ಒಡೆತನದ ಜಮೀನು ಎಷ್ಟು ಅಥವಾ ಜಂಟಿ ಜಮೀನಿನಲ್ಲಿ ಪಾಲೆಷ್ಟು, ಖುಷ್ಕಿಯೋ ತರಿಯೋ, ಯಾವ ಬೆಳೆ, ಕಳೆದ ಮೂರು ವರ್ಷಗಳ ಆದಾಯವೆಷ್ಟು, ಗುತ್ತಿಗೆಗೆ ಹಿಡಿದ ಜಮೀನು ಇದೆಯೇ, ಹಸು, ಎಮ್ಮೆ, ಆಡು, ಕೋಳಿ ಎಷ್ಟಿವೆ, ಅವುಗಳಿಂದ ಬರುವ ಆದಾಯವೇನು, ಜಮೀನಿನ ಮೇಲಿನ ಸಾಲವೆಷ್ಟು ಎಂಬ ಪ್ರಶ್ನೆಗಳಿಗೆ ಪ್ರಮಾಣ ಮಾಡಿ ಉತ್ತರಿಸಬೇಕು. ಸುಳ್ಳು ಹೇಳಿದರೆ ಕ್ರಮ ಎದುರಿಸಬೇಕಾಗುತ್ತದೆ.

ಈ ನಮೂನೆಯ ಪ್ರಶ್ನೆಗಳನ್ನು ಹುಣಸೂರು ಸೀಮೆಗೆ ಹೊಂದಿಸಿ ನೋಡಿದರೆ, ಇತರ ಅನೇಕ ಕಡೆಗಳಿಗಿಂತ ಇಲ್ಲಿನ ಕೃಷಿ ಆದಾಯ ಹೆಚ್ಚು ದಾಖಲಾಗಿದೆ ಎಂಬುದು ಅರಿವಾಗುತ್ತದೆ. ವರ್ಜೀನಿಯಾ ಹೊಗೆಸೊಪ್ಪನ್ನು ನೋಂದಣಿಯಿಲ್ಲದೆ ಬೆಳೆಯುವಂತಿಲ್ಲ. ಬೆಳೆಗಾರನ ನೋಂದಣಿ, ಬ್ಯಾರನ್ ಲೈಸೆನ್ಸ್, ಮಾರಲು ಅನುಮತಿಸಿದ ಪ್ರಮಾಣ ಇವೆಲ್ಲವೂ 1976ರಲ್ಲಿ ಅಸ್ತಿತ್ವಕ್ಕೆ ಬಂದ ತಂಬಾಕು ಮಂಡಳಿಯ ದಾಖಲೆಯಲ್ಲಿರುತ್ತವೆ. ಹರಾಜು ಮಾರುಕಟ್ಟೆಯಲ್ಲಿ ಪ್ರತಿ ಬೇಲ್‌ನ ತೂಕ, ದರ್ಜೆ, ಬೆಲೆ ನಮೂದಾಗುತ್ತದೆ. ಹಣ ಬೆಳೆಗಾರನ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಸರ್ಕಾರಿ ನೌಕರನ ಸಂಬಳದ ಚೀಟಿಗೆ ಇದು ಯಾವ ರೀತಿಯಲ್ಲೂ ಕಡಿಮೆಯಲ್ಲ. ಹಾಗೆಯೇ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಹಾಕಿದ ಹಾಲಿನ ಲೀಟರು, ಕೊಬ್ಬಿನಂಶ, ಬಟವಾಡೆಯ ಲೆಕ್ಕ ಸದಸ್ಯನ ಪುಸ್ತಕದಲ್ಲಿರುತ್ತದೆ.

ಇವುಗಳನ್ನು ಪಡೆಯುವ ಬಗೆ ಹೇಗೆ? ಪಹಣಿಯನ್ನು ಸರ್ವೆ ನಂಬರ್ ಗೊತ್ತಿದ್ದರೆ ಯಾರು ಬೇಕಾದರೂ ಭೂಮಿ ತಂತ್ರಾಂಶದಲ್ಲಿ ನೋಡಬಹುದು, ನಾಡಕಚೇರಿಯಲ್ಲಿ ಪ್ರತಿ ಪಡೆಯಬಹುದು. ಖಾತೆ ಬದಲಾವಣೆಯ ದಾಖಲೆ, ಋಣಭಾರ ಪತ್ರ ಕೂಡ ಲಭ್ಯ. ಜೀವನಾಂಶದ ನೋಟಿಸು ಬಂದ ನಂತರ ಜಮೀನು ತಮ್ಮನ ಹೆಸರಿಗೆ ವರ್ಗವಾಗಿದ್ದರೆ ದಿನಾಂಕ ಸಹಿತ ಇಲ್ಲಿಯೇ ಸಿಕ್ಕಿಬೀಳುತ್ತದೆ. ಹರಾಜಿನ ಹಣ ಮತ್ತು ಬ್ಯಾಂಕ್ ಖಾತೆಯ ವಿವರ ಮಾತ್ರ ಬೇರೆಯವರಿಗೆ ದೊರೆಯುವಂಥದ್ದಲ್ಲ. ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ ವೈಯಕ್ತಿಕ ಮಾಹಿತಿ ಎಂಬ ಕಾರಣಕ್ಕೆ ತಿರಸ್ಕೃತವಾಗುವ ಸಂಭವವೇ ಹೆಚ್ಚು. ಸುಮ್ಮನೆ ಅಲೆಯುವ ಬದಲು, ಈ ದಾಖಲೆಗಳನ್ನು ಹಾಜರುಪಡಿಸಲು ಆದೇಶಿಸುವಂತೆ ನ್ಯಾಯಾಲಯಕ್ಕೇ ಅರ್ಜಿ ಸಲ್ಲಿಸುವುದು ಲೇಸು. ಅದಕ್ಕಾಗಿ ಪತಿಯ ನೋಂದಣಿ ಸಂಖ್ಯೆ, ಹರಾಜು ಮಾರುಕಟ್ಟೆಯ ಹೆಸರು, ಬ್ಯಾಂಕ್ ಶಾಖೆ ಇಷ್ಟನ್ನಾದರೂ ಗುರುತು ಹಾಕಿಕೊಂಡಿರಬೇಕು.

ಬೆಳೆ ಸಾಲವನ್ನು ಹರಾಜಿನ ಹಣದಿಂದಲೇ ಬ್ಯಾಂಕು ವಸೂಲು ಮಾಡಿಕೊಳ್ಳುವುದರಿಂದ ಖಾತೆಯಲ್ಲಿ ಉಳಿಯುವ ಮೊತ್ತ ಚಿಕ್ಕದಾಗಿ ಕಾಣಬಹುದು. ಸೌದೆ, ಗೊಬ್ಬರ, ಕೂಲಿಯ ಖರ್ಚು ನಿಜವಾದ ಖರ್ಚೇ, ಅದನ್ನು ಕಳೆಯುವುದು ನ್ಯಾಯ. ಆದರೆ ಅದೇ ಖಾತೆಯಿಂದ ಕಾರಿನ ಕಂತು ಹೋಗುತ್ತಿದ್ದರೆ ಅದನ್ನೂ ಬೇಸಾಯದ ಖರ್ಚಿಗೆ ಸೇರಿಸಿ ಮಗುವಿನ ಪಾಲನ್ನು ಕುಗ್ಗಿಸಲು ಬಿಡಬಾರದು.

ಜಮೀನು ಅಜ್ಜನ ಹೆಸರಿನಲ್ಲಿದ್ದರೆ

ಪತಿ ಜೀವಂತವಿರುವಾಗ ಮಾವನಿಂದ ಜೀವನಾಂಶ ಕೇಳುವ ಹಕ್ಕು ಸೊಸೆಗಿಲ್ಲ. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 19ನೇ ಸೆಕ್ಷನ್ ಆ ಹಕ್ಕನ್ನು ವಿಧವೆ ಸೊಸೆಗೆ ಮಾತ್ರ ನೀಡಿದೆ. ಆದರೆ ಜಮೀನು ಪಿತ್ರಾರ್ಜಿತವಾಗಿದ್ದರೆ, ಪಹಣಿಯಲ್ಲಿ ಯಾರ ಹೆಸರಿದ್ದರೂ ಪತಿಗೆ ಅದರಲ್ಲಿ ಪಾಲಿದೆ. ಕೃಷಿಕರ ನಮೂನೆ ಕೇಳುವುದು ಆ ಪಾಲನ್ನೇ. ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡು ಮಗುವಿಗೂ, 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ಬಳಿಕ ಹೆಣ್ಣು ಮಗುವಿಗೂ ಹುಟ್ಟಿನಿಂದಲೇ ಹಕ್ಕು ಬರುತ್ತದೆ. ಕರ್ನಾಟಕ ಇದನ್ನು 1994ರಷ್ಟು ಹಿಂದೆಯೇ ತನ್ನದೇ ತಿದ್ದುಪಡಿಯ ಮೂಲಕ ತಂದಿತ್ತು. ತಂದೆ-ತಾಯಿಯ ವಿಚ್ಛೇದನದಿಂದ ಈ ಹಕ್ಕಿಗೆ ಚ್ಯುತಿಯಿಲ್ಲ. ಅಜ್ಜ ಸ್ವಂತ ದುಡಿಮೆಯಿಂದ ಕೊಂಡ ಜಮೀನಾದರೆ ಮಾತು ಬೇರೆ, ಅದರಲ್ಲಿ ಮೊಮ್ಮಕ್ಕಳು ಹುಟ್ಟಿನ ಹಕ್ಕು ಹೇಳಲಾಗದು.

ಆದ್ದರಿಂದ "ಮಗುವಿಗೂ ಆಸ್ತಿಯಲ್ಲಿ ಯಾವ ಹಕ್ಕೂ ಇಲ್ಲ" ಎಂಬ ಸಾಲು ರಾಜಿಪತ್ರದಲ್ಲಿ ನುಸುಳಿದ್ದರೆ ಸಹಿ ಮಾಡುವ ಮುನ್ನ ವಕೀಲರಿಗೆ ತೋರಿಸಬೇಕು. ಹತ್ತಾರು ಸಾವಿರದ ಇಡಿಗಂಟಿಗೆ ಎಕರೆಗಟ್ಟಲೆ ಜಮೀನಿನ ಪಾಲನ್ನು ಬಿಟ್ಟುಕೊಟ್ಟಂತೆ ಬರೆಸಿಕೊಳ್ಳುವುದು ಈ ಒಂದು ಸಾಲಿನ ಮೂಲಕವೇ.

ವಿಚ್ಛೇದನ ಇತ್ಯರ್ಥವಾಗುವವರೆಗೆ ಎಲ್ಲಿ ಇರುವುದು ಎಂಬುದೂ ಹಣದ ಪ್ರಶ್ನೆಯೇ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005ರ ಪ್ರಕಾರ ಆಕೆ ಸಂಸಾರ ನಡೆಸಿದ ಮನೆಯಲ್ಲಿ ವಾಸಿಸುವ ಹಕ್ಕು ಆಕೆಗಿದೆ. ಆ ಮನೆ ಅತ್ತೆ-ಮಾವನ ಹೆಸರಿನಲ್ಲಿದ್ದ ಮಾತ್ರಕ್ಕೆ ಈ ಹಕ್ಕು ಇಲ್ಲವಾಗದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಪಡಿತರ ಚೀಟಿಯ ವಿಚಾರವನ್ನೂ ಇಲ್ಲಿಯೇ ಹೇಳಿಬಿಡಬೇಕು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ನಮೂದಾದವರಿಗೆ ಸಂದಾಯವಾಗುವಂಥದ್ದು. ಹೆಸರು ಅತ್ತೆಯದಿದ್ದರೆ, ತಾಯಿ ಮತ್ತು ಮಕ್ಕಳು ತವರು ಸೇರಿದ ಮೇಲೂ ಹಣ ಅತ್ತೆಗೇ ಹೋಗುತ್ತದೆ. ಚೀಟಿಯಿಂದ ಹೆಸರು ತೆಗೆಸುವ, ಸೇರಿಸುವ ಕೆಲಸಕ್ಕೆ ವಿಚ್ಛೇದನದ ತೀರ್ಪಿಗಿಂತ ಹೆಚ್ಚು ಓಡಾಟ ಬೇಕಾಗುತ್ತದೆ ಎಂಬುದು ಅತಿಶಯೋಕ್ತಿಯಾದರೂ ಪೂರ್ತಿ ಸುಳ್ಳಲ್ಲ.

ಎಷ್ಟು, ಯಾವಾಗ?

ಜೀವನಾಂಶಕ್ಕೆ ಕಾನೂನಿನಲ್ಲಿ ನಿಗದಿತ ಶೇಕಡಾವಾರು ಇಲ್ಲ. 2017ರ ಪ್ರಕರಣವೊಂದರಲ್ಲಿ ಪತಿಯ ನಿವ್ವಳ ಸಂಬಳದ ಶೇ 25ರಷ್ಟು ಪತ್ನಿಗೆ ನ್ಯಾಯೋಚಿತ ಎಂದು ಸುಪ್ರೀಂ ಕೋರ್ಟ್ ಹೇಳಿದ್ದನ್ನೇ ನಿಯಮವೆಂದು ಉಲ್ಲೇಖಿಸಲಾಗುತ್ತದೆ. ಅದು ಆ ಪ್ರಕರಣದ ಸಂದರ್ಭದಲ್ಲಿ ಬಂದ ಮಾತು. ಉಭಯತರ ಅಂತಸ್ತು, ಅಗತ್ಯ, ಆದಾಯ, ಮಕ್ಕಳ ಶಿಕ್ಷಣ, ಆರೋಗ್ಯ ಎಲ್ಲವನ್ನೂ ತೂಗಿ ನೋಡಬೇಕೆಂಬುದೇ 2020ರ ತೀರ್ಪಿನ ಸಾರ. ತಾಯಿಗೆ ದುಡಿಯುವ ಸಾಮರ್ಥ್ಯವಿದೆ ಎಂಬುದೊಂದೇ ಕಾರಣಕ್ಕೆ ಜೀವನಾಂಶವನ್ನು ಇಳಿಸುವಂತಿಲ್ಲ. ದೇಹದಾರ್ಢ್ಯವುಳ್ಳ ಪತಿ ಆದಾಯವಿಲ್ಲ ಎಂದು ಕೈಚೆಲ್ಲುವಂತಿಲ್ಲ, ಕೂಲಿ ಮಾಡಿಯಾದರೂ ಪತ್ನಿ ಮತ್ತು ಮಕ್ಕಳನ್ನು ಸಾಕಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಈ ಸೀಮೆಯಲ್ಲಿ "ಎಷ್ಟು" ಎನ್ನುವುದಕ್ಕಿಂತ "ಯಾವಾಗ" ಎಂಬ ಪ್ರಶ್ನೆ ಹೆಚ್ಚು ಮುಖ್ಯವಾದುದು. ಹೊಗೆಸೊಪ್ಪಿನ ಹರಾಜು ಸಾಮಾನ್ಯವಾಗಿ ಸೆಪ್ಟೆಂಬರ್-ಅಕ್ಟೋಬರ್ ವೇಳೆಗೆ ಆರಂಭವಾಗಿ ವರ್ಷದ ಆರಂಭದ ತಿಂಗಳುಗಳವರೆಗೆ ನಡೆಯುತ್ತದೆ. ಶಾಲೆಯ ಶುಲ್ಕ, ಪುಸ್ತಕ, ಸಮವಸ್ತ್ರದ ಖರ್ಚು ಬರುವುದು ಮೇ-ಜೂನ್‌ನಲ್ಲಿ. ಆಗ ಬೆಳೆಗಾರನ ಕೈ ಬರಿದಾಗಿರುತ್ತದೆ, ಇದ್ದ ಹಣವೆಲ್ಲ ಹೊಲದಲ್ಲಿರುತ್ತದೆ. ತಿಂಗಳಿಗೆ ಇಂತಿಷ್ಟು ಎಂದು ಒಂದೇ ಮೊತ್ತ ನಿಗದಿಯಾದರೆ ಮೇ ತಿಂಗಳಿನಿಂದಲೇ ಬಾಕಿ ಬೆಳೆಯಲು ಶುರುವಾಗುತ್ತದೆ. ಹಿಂದೂ ವಿವಾಹ ಕಾಯ್ದೆಯ 25ನೇ ಸೆಕ್ಷನ್ ಇಡಿಗಂಟಾಗಿ, ತಿಂಗಳ ಕಂತಾಗಿ ಅಥವಾ ನಿಯತಕಾಲಿಕವಾಗಿ ಜೀವನಾಂಶ ನೀಡಲು ಅವಕಾಶ ಕಲ್ಪಿಸಿದೆ. 26ನೇ ಸೆಕ್ಷನ್ ಮಕ್ಕಳ ಪಾಲನೆ, ಪೋಷಣೆ, ಶಿಕ್ಷಣದ ಬಗ್ಗೆ ಸೂಕ್ತ ಆದೇಶ ನೀಡುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿದೆ. ಸಮ್ಮತಿಯ ವಿಚ್ಛೇದನದಲ್ಲಂತೂ ಉಭಯತರು ಒಪ್ಪಿದ ಯಾವುದೇ ನ್ಯಾಯಸಮ್ಮತ ಏರ್ಪಾಡನ್ನು ರಾಜಿಪತ್ರದಲ್ಲಿ ಬರೆಯಬಹುದು.

ಲೆಕ್ಕದ ಕ್ರಮ ತಿಳಿಯಲೆಂದು ಒಂದು ಕಾಲ್ಪನಿಕ ಉದಾಹರಣೆ. ಐದನೇ ತರಗತಿಯ ಮಗುವಿನ ಶುಲ್ಕ, ಶಾಲಾ ವ್ಯಾನ್, ಊಟ, ಬಟ್ಟೆ, ಔಷಧೋಪಚಾರ ಎಲ್ಲ ಸೇರಿ ವರ್ಷಕ್ಕೆ 72,000 ರೂಪಾಯಿ ಎಂದಿಟ್ಟುಕೊಳ್ಳೋಣ. ತಂದೆಯ ನಿವ್ವಳ ಆದಾಯ ತಾಯಿಯ ಆದಾಯದ ಎರಡರಷ್ಟಿದ್ದರೆ ತಂದೆಯ ಪಾಲು 48,000, ತಾಯಿಯದು 24,000. ತಂದೆಯ ಪಾಲನ್ನು ತಿಂಗಳಿಗೆ 4,000 ಎನ್ನುವ ಬದಲು ತಿಂಗಳಿಗೆ 2,000, ಉಳಿದ 24,000 ರೂಪಾಯಿಯನ್ನು ಹರಾಜಿನ ಹಣ ಕೈಸೇರುವ ಜನವರಿಯೊಳಗೆ ಮಗುವಿನ ಹೆಸರಿನ ಖಾತೆಗೆ ಎಂದು ಬರೆಯಬಹುದು. ಮುಂದಿನ ಜೂನ್‌ನ ಶುಲ್ಕಕ್ಕೆ ಹಣ ಸಿದ್ಧವಾಗಿರುತ್ತದೆ. ತಿಂಗಳ 2,000 ರೂಪಾಯಿಗೆ ಹಾಲಿನ ಬಟವಾಡೆ ಆಧಾರವಾಗುತ್ತದೆ. ವರ್ಷದಿಂದ ವರ್ಷಕ್ಕೆ ಎಷ್ಟು ಹೆಚ್ಚಳ ಎಂಬುದನ್ನೂ ಆಗಲೇ ಬರೆಸಬೇಕು. ಇಲ್ಲವಾದಲ್ಲಿ ಒಂದನೇ ತರಗತಿಗೆ ನಿಗದಿಯಾದ ಮೊತ್ತವೇ ಎಸ್ಸೆಸ್ಸೆಲ್ಸಿವರೆಗೂ ನಡೆಯುತ್ತದೆ, ಹೆಚ್ಚಿಸಲು ಮತ್ತೆ ಅರ್ಜಿ ಹಾಕಬೇಕಾಗುತ್ತದೆ.

ಹೀಗೆ ವರ್ಷಾನುಗಟ್ಟಲೆ ನಡೆಯುವ ಪಾವತಿಗೆ ಭದ್ರತೆ ಏನು ಎಂಬುದು ಸಹಜ ಪ್ರಶ್ನೆ. 25ನೇ ಸೆಕ್ಷನ್‌ನಲ್ಲಿಯೇ ಉತ್ತರವಿದೆ. ಅಗತ್ಯ ಕಂಡರೆ ಪತಿಯ ಸ್ಥಿರಾಸ್ತಿಯ ಮೇಲೆ ಜೀವನಾಂಶದ ಹೊಣೆಯನ್ನು ನ್ಯಾಯಾಲಯ ಹೊರಿಸಬಹುದು. ಈ ಆದೇಶದ ಪ್ರತಿಯನ್ನು ತಹಶೀಲ್ದಾರ್ ಕಚೇರಿಗೆ ಸಲ್ಲಿಸಿ, ಪಹಣಿಯ ಹಕ್ಕು ಮತ್ತು ಋಣಗಳ 11ನೇ ಕಾಲಂನಲ್ಲಿ ನಮೂದು ಮಾಡಿಸಿಕೊಂಡರೆ ಜಮೀನು ಕೊಳ್ಳಲು ಬಂದವರಿಗೆ ಅದು ಕಣ್ಣಿಗೆ ಬೀಳುತ್ತದೆ. ವಿಚ್ಛೇದನದ ಅರ್ಜಿಗಳಲ್ಲಿ ಈ ಪರಿಹಾರವನ್ನು ಕೇಳಲು ಮರೆಯುವುದೇ ಹೆಚ್ಚು. ಜಮೀನೇ ಮುಖ್ಯ ಆಸ್ತಿಯಾಗಿರುವ ಕಡೆ ಇದನ್ನು ಕೇಳದಿರುವುದು ದೊಡ್ಡ ಲೋಪವೆಂದೇ ಹೇಳಬೇಕು.

ಎಷ್ಟು ವಯಸ್ಸಿನವರೆಗೆ?

144ನೇ ಸೆಕ್ಷನ್ ಅಡಿಯಲ್ಲಿ ಮಕ್ಕಳಿಗೆ 18 ವರ್ಷ ತುಂಬುವವರೆಗೆ ಜೀವನಾಂಶ ದೊರೆಯುತ್ತದೆ. ದೈಹಿಕ ಅಥವಾ ಮಾನಸಿಕ ನ್ಯೂನತೆಯಿಂದ ಸ್ವತಃ ಬದುಕಲಾಗದ ಮಕ್ಕಳಿಗೆ ನಂತರವೂ ಉಂಟು. ಅವಿವಾಹಿತ ಮಗಳು ತನ್ನ ಆದಾಯದಿಂದ ಜೀವಿಸಲಾಗದಿದ್ದರೆ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ವಯಸ್ಕಳಾದ ಮೇಲೂ ತಂದೆಯಿಂದ ಕೇಳಬಹುದು. ಮಗನ ಕಾಲೇಜು ವ್ಯಾಸಂಗದ ಬಗ್ಗೆ ಗೊಂದಲವಿದೆ. ಕರ್ನಾಟಕ ಆರೋಗ್ಯ ಇಲಾಖೆಯ ನೌಕರರೊಬ್ಬರ ಪ್ರಕರಣದಲ್ಲಿ 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, 18 ವರ್ಷಕ್ಕೆ ನಿಲ್ಲಿಸಿದರೆ ಸಾಲದು, ಈ ಕಾಲದಲ್ಲಿ ಮೂಲ ಪದವಿ ಮುಗಿಯುವುದು ಕಾಲೇಜಿನಲ್ಲಿ ಎಂದು ಅಭಿಪ್ರಾಯಪಟ್ಟು, ಪದವಿ ಮುಗಿಯುವವರೆಗೆ ತಿಂಗಳಿಗೆ 10,000 ರೂಪಾಯಿ ಹಾಗೂ ಪ್ರತಿ ಆರ್ಥಿಕ ವರ್ಷ 1,000 ರೂಪಾಯಿ ಹೆಚ್ಚಳಕ್ಕೆ ಆದೇಶಿಸಿತು. ರಾಜಿಪತ್ರದಲ್ಲಿ "ಪದವಿ ಮುಗಿಯುವವರೆಗೆ" ಎಂಬ ಪದಗಳನ್ನು ಸೇರಿಸಿದರೆ ಮುಂದಿನ ತಕರಾರು ತಪ್ಪುತ್ತದೆ. ತಾಯಿ ಮರುಮದುವೆಯಾದರೆ ಆಕೆಯ ಜೀವನಾಂಶ ನಿಲ್ಲಬಹುದು, ಮಗುವಿನದು ನಿಲ್ಲದು. ಮಗುವನ್ನು ನೋಡಲು ಬಿಡುತ್ತಿಲ್ಲ ಎಂಬ ಕಾರಣಕ್ಕೆ ಹಣ ತಡೆಹಿಡಿಯುವುದು, ಹಣ ಬಂದಿಲ್ಲವೆಂದು ಭೇಟಿಗೆ ಅಡ್ಡಿ ಮಾಡುವುದು ಎರಡೂ ಸಲ್ಲದು.

ಹಾಡಿಯ ಕುಟುಂಬಗಳಿಗೆ ಯಾವ ಕಾನೂನು?

ವೀರನಹೊಸಹಳ್ಳಿಯ ಸುತ್ತಲಿನ ಹಾಡಿಗಳಲ್ಲಿ, ನಾಗಾಪುರದ ಪುನರ್ವಸತಿ ಕೇಂದ್ರದಲ್ಲಿ ಜೇನುಕುರುಬರು ಮುಂತಾದ ಪರಿಶಿಷ್ಟ ಪಂಗಡದ ಕುಟುಂಬಗಳು ವಾಸವಾಗಿವೆ. ಕೇಂದ್ರ ಸರ್ಕಾರ ಪ್ರತ್ಯೇಕ ಅಧಿಸೂಚನೆ ಹೊರಡಿಸದ ಹೊರತು ಪರಿಶಿಷ್ಟ ಪಂಗಡದವರಿಗೆ ಹಿಂದೂ ವಿವಾಹ ಕಾಯ್ದೆ ಅನ್ವಯಿಸದು ಎಂದು ಅದರ 2ನೇ ಸೆಕ್ಷನ್ ಹೇಳುತ್ತದೆ. ಇವರ ಮದುವೆ, ಬಿಡುಗಡೆ ಎರಡೂ ಸಮುದಾಯದ ರೂಢಿಯಂತೆ ನಡೆಯುತ್ತವೆ. ಇದನ್ನೇ ನೆಪವಾಗಿಸಿ ಹಾಡಿಯ ಹೆಣ್ಣುಮಕ್ಕಳಿಗೆ ನ್ಯಾಯಾಲಯದ ದಾರಿಯೇ ಇಲ್ಲ ಎನ್ನುವುದು ತಪ್ಪು. 144ನೇ ಸೆಕ್ಷನ್‌ಗೆ ಜಾತಿ, ಧರ್ಮ, ಪಂಗಡದ ಭೇದವಿಲ್ಲ. ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗಿ ಅಲ್ಲಿಯೇ ಬೇರೆ ಸಂಸಾರ ಹೂಡಿದ ತಂದೆಯಿಂದಲೂ ಮಗುವಿಗೆ ಜೀವನಾಂಶ ಕೇಳಬಹುದು. ಮದುವೆಯೇ ಕ್ರಮಬದ್ಧವಲ್ಲ ಎಂಬ ತಕರಾರು ಮಗುವಿಗೆ ಅಡ್ಡಿಯಾಗದು, ಏಕೆಂದರೆ ದಾಂಪತ್ಯದ ಹೊರಗೆ ಹುಟ್ಟಿದ ಮಗುವಿಗೂ ಈ ಸೆಕ್ಷನ್ ಹಕ್ಕು ನೀಡಿದೆ. ವಿಚ್ಛೇದಿತ ಮುಸ್ಲಿಂ ಮಹಿಳೆಯರೂ ಈ ಮಾರ್ಗವನ್ನು ಹಿಡಿಯಬಹುದೆಂದು 2024ರ ಜುಲೈ 10ರಂದು ಸುಪ್ರೀಂ ಕೋರ್ಟ್ ಪುನರುಚ್ಚರಿಸಿದೆ.

ಅರ್ಜಿಯಿಂದ ವಸೂಲಿಯವರೆಗೆ

ಅರ್ಜಿ ಹಾಕಲು ಪತಿಯ ಊರಿಗೇ ಹೋಗಬೇಕಾಗಿಲ್ಲ. ಹುಣಸೂರಿಗೆ ಮದುವೆಯಾಗಿ ಬಂದು ಈಗ ಪಿರಿಯಾಪಟ್ಟಣದ ತವರಿನಲ್ಲಿರುವವರು ಅಲ್ಲಿನ ನ್ಯಾಯಾಲಯದಲ್ಲಿಯೇ ಅರ್ಜಿ ಸಲ್ಲಿಸಬಹುದು. ಕೌಟುಂಬಿಕ ನ್ಯಾಯಾಲಯದ ವ್ಯಾಪ್ತಿಗೆ ಬರುವೆಡೆ ಅಲ್ಲಿ, ಉಳಿದೆಡೆ ಜೀವನಾಂಶದ ಅರ್ಜಿಯನ್ನು ಜೆಎಂಎಫ್‌ಸಿ ನ್ಯಾಯಾಲಯದಲ್ಲಿ ಸಲ್ಲಿಸಬೇಕು. ಮಹಿಳೆಯರಿಗೆ ಮತ್ತು ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ ಅಡಿಯಲ್ಲಿ ಒದಗಿಸಲಾಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ನ್ಯಾಯಾಲಯದ ಆವರಣದಲ್ಲಿ ಸಂಪರ್ಕಿಸಬಹುದು, ಸಹಾಯವಾಣಿ ಸಂಖ್ಯೆ 15100.

ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸು ಜಾರಿಯಾದ 60 ದಿನಗಳೊಳಗೆ ಸಾಧ್ಯವಾದ ಮಟ್ಟಿಗೆ ಇತ್ಯರ್ಥಪಡಿಸಬೇಕೆಂಬುದು ಕಾನೂನು. "ಸಾಧ್ಯವಾದ ಮಟ್ಟಿಗೆ" ಎಂಬ ಪದಗಳ ಅರ್ಥ ನ್ಯಾಯಾಲಯಕ್ಕೆ ಅಲೆದವರಿಗೆಲ್ಲ ಗೊತ್ತು. ಸಮಾಧಾನದ ಸಂಗತಿಯೆಂದರೆ, ಆದೇಶ ಎಂದೇ ಬಂದರೂ ಜೀವನಾಂಶವನ್ನು ಅರ್ಜಿ ಸಲ್ಲಿಸಿದ ದಿನದಿಂದಲೇ ನೀಡಬೇಕೆಂದು 2020ರ ತೀರ್ಪು ಹೇಳಿದೆ. ತವರಿಗೆ ಬಂದು ವರ್ಷಗಟ್ಟಲೆ ಕಾಯುವವರು ಕಳೆದುಕೊಳ್ಳುವುದು ಈ ದಿನಗಳನ್ನೇ. ಸಮ್ಮತಿಯ ವಿಚ್ಛೇದನದಲ್ಲಿ ಆರು ತಿಂಗಳ ಕಾಯುವಿಕೆಯನ್ನು ಮನ್ನಾ ಮಾಡಲು 2017ರ ತೀರ್ಪಿನಂತೆ ಅವಕಾಶವಿದೆ. ಅದಕ್ಕಿರುವ ಷರತ್ತುಗಳಲ್ಲಿ ಜೀವನಾಂಶ ಮತ್ತು ಮಕ್ಕಳ ಪಾಲನೆಯ ವಿಷಯ ಪೂರ್ತಿಯಾಗಿ ಬಗೆಹರಿದಿರಬೇಕು ಎಂಬುದೂ ಒಂದು. ಬೇಗ ಮುಗಿಯಬೇಕೆನ್ನುವವರೇ ಹಣದ ಲೆಕ್ಕವನ್ನು ಮೊದಲು ಮುಗಿಸಬೇಕು.

ಆದೇಶವಾದ ನಂತರ ಹಣ ಬಾರದಿದ್ದರೆ ಅದೇ ನ್ಯಾಯಾಲಯದಲ್ಲಿ ವಸೂಲಿಗೆ ಅರ್ಜಿ ಹಾಕಬೇಕು. ಸಕಾರಣವಿಲ್ಲದೆ ಪಾವತಿಸದ ತಂದೆಗೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು ವಿಧಿಸಬಹುದು. ಜೈಲಿಗೆ ಹೋಗಿ ಬಂದ ಮಾತ್ರಕ್ಕೆ ಬಾಕಿ ತೀರಿದಂತಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲಿಯೇ ಹೇಳಿದೆ. ಆದರೆ ಈ ವಸೂಲಿ ವಾರಂಟ್‌ಗೆ ಅರ್ಜಿಯನ್ನು ಬಾಕಿ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಸಲ್ಲಿಸಬೇಕು. ಈ ವರ್ಷ ಮಳೆ ಕೈಕೊಟ್ಟಿತು, ಮುಂದಿನ ಹರಾಜಿಗೆ ಕೊಡುತ್ತೇನೆ ಎಂಬ ಮಾತನ್ನು ನಂಬಿ ಎರಡು ಹಂಗಾಮು ಬಿಟ್ಟುಕೊಟ್ಟರೆ, ಮೊದಲ ಹಂಗಾಮಿನ ಬಾಕಿ ಈ ಸೆಕ್ಷನ್‌ನ ಕೈತಪ್ಪುತ್ತದೆ. ಅರ್ಜಿಯನ್ನು ಹರಾಜು ಆರಂಭವಾಗುವ ಮುನ್ನವೇ, ಆಗಸ್ಟ್ ತಿಂಗಳಿನಲ್ಲಿ ಸಲ್ಲಿಸಿದವರಿಗೆ ಖಾತೆಗೆ ಹಣ ಬೀಳುವ ಹೊತ್ತಿಗೆ ನ್ಯಾಯಾಲಯದ ನೋಟಿಸು ಕೈಯಲ್ಲಿರುತ್ತದೆ.